ಪೆಟ್ಟಿಗೆಗೆ ಬಾಯುಂಟು, ಕಿವಿಯಿಲ್ಲ

ಪುಣೆಯ ಕನ್ನಡ ಮನೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ಸಾಮಾನು ಬಂದು ಕೂತಿದೆ. ಬಾಣೇರ, ವಾಕಡ, ಖರಾಡಿಯ ಎತ್ತರದ ಕಟ್ಟಡಗಳಲ್ಲಾಗಲಿ, ಕೋಥರೂಡ, ಚಿಂಚವಡಗಳ ಹಳೆಯ ಸೊಸೈಟಿಗಳಲ್ಲಾಗಲಿ, ಹಜಾರದ ಮೂಲೆಯಲ್ಲಿ ಉದ್ದನೆಯ ಕಪ್ಪು ಹಲಗೆಯಂತೆ ಅದು ಕಾಣಿಸುತ್ತದೆ. ಅದು ಡಿಜಿಟಲ್ ಪಿಯಾನೋ. ಕೆಲವರಲ್ಲಿ ಅದರ ತಮ್ಮನಾದ ಕೀಬೋರ್ಡು. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಕೂತಾಗ ಬಂದವು ಕೆಲವು, ಆಮೇಲೆ ಬಂದವು ಕೆಲವು. ಅದರ ಮುಂದೆ ಕೂರುವವರು ಮಕ್ಕಳಷ್ಟೇ ಅಲ್ಲ. ನಲವತ್ತು ದಾಟಿದ ಎಂಜಿನಿಯರರಿದ್ದಾರೆ, ಬ್ಯಾಂಕಿನ ನೌಕರಿ ಮುಗಿಸಿ ಮನೆಯಲ್ಲಿರುವ ಅಜ್ಜಂದಿರಿದ್ದಾರೆ. ಇವರಲ್ಲಿ ಹಲವರು ಕಲಿಯಹೊರಟಿರುವುದು ಜಾಝ್ ಸಂಗೀತವನ್ನು. ಕಲಿಸುವಾತ ಎಲ್ಲೋ ನ್ಯೂಯಾರ್ಕಿನಲ್ಲೋ ಲಂಡನ್ನಿನಲ್ಲೋ ಕೂತ ಮೇಷ್ಟ್ರು. ಪಾಠ ಬರುವುದು ಫೋನಿನ ಪರದೆಯ ಮೇಲೆ.

ಇದನ್ನು ಕಂಡು ಮೂಗು ಮುರಿಯುವ ಹಿರಿಯರು ನಮ್ಮಲ್ಲಿದ್ದಾರೆ. ಧಾರವಾಡ, ವಿಜಾಪುರದಿಂದ ಬಂದವರಿಗೆ ಜಾಝ್ ಏತಕ್ಕೆ ಎಂಬುದು ಅವರ ಪ್ರಶ್ನೆ. ಲೋಕದ ಉತ್ತಮ ಮೇಷ್ಟ್ರುಗಳೆಲ್ಲ ಕಿಸೆಯೊಳಗೇ ಇರುವಾಗ ಇನ್ನು ಯಾರ ಮನೆಯ ಬಾಗಿಲಿಗೂ ಹೋಗುವ ಗರಜಿಲ್ಲವೆಂದು ಬೀಗುವ ಕಿರಿಯರೂ ನಮ್ಮಲ್ಲಿದ್ದಾರೆ. ಈ ಎರಡು ಮಾತೂ ತಪ್ಪು ಎಂದು ಸಾಧಿಸುವುದಕ್ಕಾಗಿಯೇ ಈ ಲೇಖನ. ಮೊದಲನೆಯದು ನಮ್ಮ ಚರಿತ್ರೆಯನ್ನು ಅರಿಯದ ಮಾತು. ಎರಡನೆಯದು ಸಂಗೀತವನ್ನು ಅರಿಯದ ಮಾತು. ನಮ್ಮ ತಕರಾರು ಜಾಝಿನ ಮೇಲಾಗಲಿ ವಿಡಿಯೋ ಪಾಠದ ಮೇಲಾಗಲಿ ಇಲ್ಲ. ಆ ವಾದ್ಯಕ್ಕೆ ಚುಚ್ಚಿರುವ ಹೆಡ್‌ಫೋನಿನ ಮೇಲೆ ಇದೆ.

ಹಿರಿಯರಿಗೆ ಮೊದಲು ಉತ್ತರ ಹೇಳೋಣ. ಪಿಯಾನೋ ನಮ್ಮದಲ್ಲವೆಂದು ಹೇಳುವವರು ಮೈಸೂರಿನ ಜಯಚಾಮರಾಜ ಒಡೆಯರನ್ನು ಮರೆತಂತಿದೆ. 94 ಸಂಸ್ಕೃತ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು ಅವರು; ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿತ ಪಿಯಾನೋ ವಾದಕರೂ ಅವರೇ. ರಷ್ಯದಿಂದ ಬಂದು ಲಂಡನ್ನಿನಲ್ಲಿ ಕಷ್ಟದಿಂದ ದಿನ ನೂಕುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ಮಹಾ ಸಂಗೀತಗಾರನ ಕೃತಿಗಳು 1940ರ ದಶಕದ ಕೊನೆಯಲ್ಲಿ ಗ್ರಾಮಫೋನ್ ತಟ್ಟೆಗಳಾಗಿ ಹೊರಬಂದದ್ದು ಮೈಸೂರಿನ ಹಣದಿಂದ. ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೆಟ್ನರ್ ನಮ್ಮ ಮಹಾರಾಜರಿಗೆ ಅರ್ಪಿಸಿದ್ದಾನೆ. ಚಾಮುಂಡಿ ಬೆಟ್ಟದ ಕೆಳಗೆ ಕೂತವರಿಗೆ ಈ ವಾದ್ಯ ಪರಕೀಯವಾಗಿ ಕಾಣದಿದ್ದರೆ, ಪರ್ವತಿ ಬೆಟ್ಟದ ಕೆಳಗೆ ಕೂತ ನಮಗೇಕೆ ಕಾಣಬೇಕು?

ನಮ್ಮ ಭಜನೆಯ ಕೋಣೆಗಳಲ್ಲಿರುವ ಹಾರ್ಮೋನಿಯಂ ಕೂಡ ಎಲ್ಲಿಂದ ಬಂತು? 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ವಾದ್ಯ ಅದು. ಇದು ಪರದೇಶದ್ದು, ನಮ್ಮ ಗಮಕ ಇದರಲ್ಲಿ ನುಡಿಯದು ಎಂದು ವಾದಿಸಿ 1940ರಲ್ಲಿ ರೇಡಿಯೋದವರು ಅದಕ್ಕೆ ಬಾಗಿಲು ಮುಚ್ಚಿದ್ದರು. ಆ ಬಾಗಿಲು ಮತ್ತೆ ತೆರೆಯತೊಡಗಲು ಸುಮಾರು ಮೂವತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಬೆಳಗಾವಿಯ ರಾಂಭಾವೂ ಬಿಜಾಪುರೆಯವರಂಥವರು ಅದೇ ಪರದೇಶದ ಪೆಟ್ಟಿಗೆಯಿಂದ ನಮ್ಮ ರಾಗಗಳನ್ನು ಹೊರಡಿಸಿ, ಶಿಷ್ಯರ ಸಾಲನ್ನೇ ಬೆಳೆಸಿದ್ದರು. ವಾದ್ಯಕ್ಕೆ ಜಾತಿ ಹಚ್ಚುವವರು ಈ ಕಥೆಯನ್ನು ಒಮ್ಮೆ ನೆನೆಯಬೇಕು.

ಇನ್ನು ಜಾಝ್. ಇದು ನಮ್ಮ ಪಕ್ಕದ ಊರಾದ ಮುಂಬಯಿಗೆ ಬಂದು ತೊಂಬತ್ತು ವರ್ಷದ ಮೇಲಾಯಿತು. ಲಿಯಾನ್ ಆ್ಯಬಿ ಎಂಬ ಕಪ್ಪು ಅಮೆರಿಕನ್ನರ ತಂಡ 1935ರಲ್ಲಿ ತಾಜಮಹಲ್ ಹೊಟೆಲಿನಲ್ಲಿ ನುಡಿಸಿತು. ಅದೇ ದಶಕದಲ್ಲಿ ಅಲ್ಲಿ ಪಿಯಾನೋ ನುಡಿಸಿದ ಟೆಡ್ಡಿ ವೆದರ್‌ಫೋರ್ಡ್ ಹುಟ್ಟಿದ್ದು ವರ್ಜೀನಿಯಾದಲ್ಲಿ, 1945ರಲ್ಲಿ ಕಾಲರಾದಿಂದ ತೀರಿಕೊಂಡದ್ದು ಕಲಕತ್ತೆಯಲ್ಲಿ. ಇಂಥವರ ಜೊತೆ ಕೂತು ನುಡಿಸಿದ ಗೋವೆಯ ವಾದ್ಯಗಾರರೇ ಮುಂದೆ ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ಕೂತರು. ನಮ್ಮ ಹಿರಿಯರು ತಲೆದೂಗುವ 1951ರ ‘ಅಲಬೇಲಾ’ ಚಿತ್ರದ ಹಾಡುಗಳಲ್ಲಿ ಕೇಳುವ ಕಹಳೆ ಜಾಝಿನ ಕಹಳೆಯೇ. ಮುಂಬಯಿಯಲ್ಲಿ 1978ರಲ್ಲಿ ಆರಂಭವಾದ ಜಾಝ್ ಯಾತ್ರೆ ಎಂಬ ಉತ್ಸವದ ವೇದಿಕೆಯನ್ನು 1980ರಲ್ಲಿ ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನ್ ಹಿಡಿದು ಏರಿದರು. 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಆರ್. ಎ. ರಮಾಮಣಿ ಮತ್ತು ಅವರ ಸಂಗಡಿಗರು ಅಮೆರಿಕದ ಚಾರ್ಲಿ ಮರಿಯಾನೋ ಜೊತೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ಹೀಗಿರಲಾಗಿ, ಇದು ನಮಗೆ ಸಂಬಂಧವಿಲ್ಲದ ಸಂಗೀತವೆಂದು ಹೇಳುವುದು ಎಷ್ಟರ ಮಟ್ಟಿನ ತಿಳಿವಳಿಕೆ?

ಅದೂ ಅಲ್ಲದೆ ಜಾಝ್ ಊರು ಬಿಟ್ಟವರ ಸಂಗೀತ. ಗುಲಾಮರಾಗಿ ಕಡಲು ದಾಟಿಸಲ್ಪಟ್ಟವರ ಮೊಮ್ಮಕ್ಕಳು ದಕ್ಷಿಣದ ಹತ್ತಿ ಹೊಲಗಳಿಂದ ಶಿಕಾಗೋ, ನ್ಯೂಯಾರ್ಕುಗಳಿಗೆ ಹೊಟ್ಟೆಪಾಡಿಗೆ ಹೋದಾಗ ಜೊತೆಗೆ ಒಯ್ದದ್ದು ಇದನ್ನು. ಅವರ ಸಂಕಟಕ್ಕೂ ನಮ್ಮ ವಲಸೆಗೂ ಹೋಲಿಕೆಯಿಲ್ಲ. ಹೋಲಿಸಿದರೆ ಅದು ಅಹಂಕಾರವಾದೀತು. ಆದರೂ ಪರಊರಿನ ಬಾಡಿಗೆ ಕೋಣೆಯಲ್ಲಿ ತಮ್ಮವರು ನಾಲ್ಕು ಜನ ಸೇರಿದಾಗ ಮಾತ್ರ ನಿಜವಾಗಿ ಬಾಯಿ ಬಿಡುವ ಅನುಭವ ಏನೆಂದು ನಮ್ಮಂಥ ಸಂಘಗಳನ್ನು ಕಟ್ಟಿಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಿರಿಯರ ಮಾತು ಇಷ್ಟಕ್ಕೆ ಸಾಕು. ಈಗ ಕಿರಿಯರತ್ತ ತಿರುಗೋಣ. ನಿಜವಾದ ಜಗಳ ಇರುವುದು ಅವರೊಡನೆ.

ವಿಡಿಯೋ ಪಾಠ ದೊಡ್ಡ ಉಪಕಾರಿಯೆಂಬುದನ್ನು ನಾವು ಮುಕ್ತ ಕಂಠದಿಂದ ಒಪ್ಪುತ್ತೇವೆ. ಒಂದು ಕಾಲಕ್ಕೆ ಪುಣೆಯಲ್ಲಿ ಪಿಯಾನೋ ಎಂದರೆ ಕ್ಯಾಂಪಿನ ಪಾರಸಿ, ಗೋವನ್ ಮನೆಗಳ ಮಾತಾಗಿತ್ತು. ಇಂದು ಯಾರ ಮಗಳಾದರೂ ಕಾಸು ಕೊಡದೆ ಮೊದಲ ಪಾಠ ಕಲಿಯಬಹುದು. ಬೆರಳು ಓಡುವುದನ್ನು ಅರ್ಧ ವೇಗಕ್ಕೆ ಇಳಿಸಿ ನೋಡಬಹುದು, ಸ್ವರ ಕೆಡುವುದಿಲ್ಲ. ಐವತ್ತು ಸಲ ಅದನ್ನೇ ಕೇಳಿದರೂ ಮೇಷ್ಟ್ರಿಗೆ ಬೇಸರವಿಲ್ಲ.

ಆರಂಭದ ಒಂದು ಪಾಠವನ್ನೇ ನೋಡಿ. ಜಾಝಿನಲ್ಲಿ ಹೆಜ್ಜೆ ಹೆಜ್ಜೆಗೂ ಬರುವ ಮೂರು ಸ್ವರಗುಚ್ಛಗಳ ಒಂದು ನಡೆಯಿದೆ. ಎರಡು, ಐದು, ಒಂದು ಎಂದು ಅದನ್ನು ಎಣಿಸಿ ಕರೆಯುತ್ತಾರೆ. ನಮ್ಮ ಹೆಸರುಗಳಲ್ಲಿ ಹೇಳುವುದಾದರೆ, ಎಲ್ಲ ಶುದ್ಧ ಸ್ವರಗಳನ್ನಿಟ್ಟುಕೊಂಡು, ಮೊದಲು ರಿ-ಮ-ಧ-ಸ, ಆಮೇಲೆ ಪ-ನಿ-ರಿ-ಮ, ಕೊನೆಗೆ ಸ-ಗ-ಪ-ನಿ. ಪ್ರತಿ ಗುಚ್ಛದಲ್ಲೂ ಜೀವಾಳವಾದ ಎರಡೇ ಸ್ವರಗಳನ್ನು ಹಿಡಿದರೆ ಸಾಕೆಂದು ಮೇಷ್ಟ್ರು ಹೇಳುತ್ತಾರೆ. ಆಗ ಕೈಗೆ ಬರುವುದು ಮ-ಸ, ಮ-ನಿ, ಗ-ನಿ. ಗಮನಿಸಿ: ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಸ ಮಾತ್ರ ಒಂದು ಮನೆ ಇಳಿದು ನಿ ಆಯಿತು, ಮುಂದೆ ಮ ಮಾತ್ರ ಒಂದು ಮನೆ ಇಳಿದು ಗ ಆಯಿತು. ಒಂದೊಂದು ಸಲಕ್ಕೆ ಒಂದೇ ಬೆರಳಿನ ಕೆಲಸ. ಇಂಥ ಸರಳ ಸತ್ಯವನ್ನು ಹತ್ತು ನಿಮಿಷದಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸುವ ಪರದೆಯನ್ನು ಹಳಿಯುವುದು ಕೃತಘ್ನತೆಯಾದೀತು.

ಆದರೆ ಉಪಕಾರಿಯನ್ನು ಗುರುವೆಂದು ತಿಳಿಯುವುದು ಬೇರೆ ಮಾತು. ಯಂತ್ರದಿಂದ ಸಂಗೀತ ಕಲಿಯುವುದು ಇಂದಿನ ಆವಿಷ್ಕಾರವೆಂದು ಕಿರಿಯರು ತಿಳಿದಿದ್ದಾರೆ. ಈ ಪುಣೆಯಲ್ಲೇ ಬಾಳಿ 2011ರಲ್ಲಿ ಕಣ್ಮುಚ್ಚಿದ ಭೀಮಸೇನ ಜೋಶಿಯವರ ಕಥೆ ಏನು ಹೇಳುತ್ತದೆ? ಗದಗಿನ ಆ ಹುಡುಗನನ್ನು ಎಬ್ಬಿಸಿದ್ದು ಒಂದು ಯಂತ್ರವೇ. ಅಬ್ದುಲ್ ಕರೀಂ ಖಾನರ ಠುಮ್ರಿಯೊಂದರ ಗ್ರಾಮಫೋನ್ ತಟ್ಟೆ ಕೇಳಿ, ಹಾಗೆ ಹಾಡಬೇಕೆಂಬ ಹುಚ್ಚು ಹಿಡಿದು, 1933ರಲ್ಲಿ ಹನ್ನೊಂದನೆಯ ವಯಸ್ಸಿನಲ್ಲಿ ಆತ ಮನೆ ಬಿಟ್ಟ. ತಟ್ಟೆಯೇ ಸಾಕಾಗಿದ್ದರೆ ಗ್ರಾಮಫೋನಿನ ಮುಂದೆ ಕೂರಬಹುದಿತ್ತು. ಗ್ವಾಲಿಯರ್, ಕಲಕತ್ತೆ, ಜಲಂಧರವೆಂದು ಅಲೆದದ್ದು ಏಕೆ? ಕಟ್ಟಕಡೆಗೆ ಗುರು ಸಿಕ್ಕಿದ್ದು ಊರಿಗೆ ಹತ್ತಿರದ ಕುಂದಗೋಳದಲ್ಲಿ. ಆ ತಟ್ಟೆಯಲ್ಲಿ ಹಾಡಿದ್ದ ಖಾನಸಾಹೇಬರ ಶಿಷ್ಯರೇ ಆದ ಸವಾಯಿ ಗಂಧರ್ವರ ಮನೆಯಲ್ಲಿ. ಅಲ್ಲಿ ನೀರು ಹೊತ್ತು, ಕಾದು, ಬೈಸಿಕೊಂಡು ಕಲಿತದ್ದರ ಫಲವನ್ನು ಲೋಕ ಕೇಳಿತು. ಅದೇ ಗುರುವಿನ ಬಳಿಗೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಬರುತ್ತಿದ್ದರು. ಗುರುವಿನ ನೆನಪಿಗಾಗಿ 1953ರಲ್ಲಿ ಭೀಮಸೇನರು ಈ ಊರಿನಲ್ಲಿ ಆರಂಭಿಸಿದ ಉತ್ಸವಕ್ಕೆ ನಾವು ಪ್ರತಿ ಡಿಸೆಂಬರಿನಲ್ಲಿ ಶಾಲು ಹೊದ್ದು ಹೋಗುತ್ತೇವೆ; ಅದರ ಹಿಂದಿನ ಪಾಠವನ್ನು ಮಾತ್ರ ಮನೆಗೆ ತರುವುದಿಲ್ಲ.

ಇದು ನಮ್ಮ ದೇಶದ ಗುರುಭಕ್ತಿಯ ಮಾತು, ಜಾಝಿಗೆ ಅನ್ವಯಿಸದು ಎನ್ನುವಿರೋ? ಹಾಗಾದರೆ ಜಾಝಿನ ಸಾಮ್ರಾಟನೆನಿಸಿದ ಡ್ಯೂಕ್ ಎಲಿಂಗ್ಟನ್ನರ ಕಥೆಯನ್ನೇ ಕೇಳಿ. 1963ರಲ್ಲಿ ತಮ್ಮ ತಂಡದೊಡನೆ ಭಾರತಕ್ಕೂ ಬಂದಿದ್ದ ಮಹನೀಯರು ಅವರು. 1899ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದರು. ಅವರ ಹರೆಯದಲ್ಲಿ ತಾನೇ ನುಡಿಯುವ ಪಿಯಾನೋಗಳಿದ್ದವು. ರಂಧ್ರ ಕೊರೆದ ಕಾಗದದ ಸುರುಳಿ ತಿರುಗಿದಂತೆ ಮನೆಗಳು ತಾವಾಗಿ ಕೆಳಗಿಳಿದು ಮೇಲೇಳುತ್ತಿದ್ದವು. ಜೇಮ್ಸ್ ಪಿ. ಜಾನ್ಸನ್ ಎಂಬ ಮಹಾ ವಾದಕನ ‘ಕೆರೊಲಿನಾ ಶೌಟ್’ ಎಂಬ ಕೃತಿಯ ಸುರುಳಿಯನ್ನು ಹಾಕಿ, ಅದರ ವೇಗ ತಗ್ಗಿಸಿ, ಇಳಿದ ಮನೆಗಳ ಮೇಲೆ ತಮ್ಮ ಬೆರಳಿಟ್ಟು ಎಲಿಂಗ್ಟನ್ ಅದನ್ನು ಕಲಿತರು. ಇಂದು ಪರದೆಯ ಮೇಲೆ ಬಣ್ಣದ ಪಟ್ಟಿಗಳು ಉದುರಿದಲ್ಲಿ ಬೆರಳಿಡುವ ನಮ್ಮ ಮಕ್ಕಳ ವಿಧಾನಕ್ಕೂ ಇದಕ್ಕೂ ಏನು ವ್ಯತ್ಯಾಸ?

ಆದರೆ ಆತ ಅಲ್ಲಿಗೇ ನಿಲ್ಲಲಿಲ್ಲ. ಊರಿನ ಬಿಲಿಯರ್ಡ್ಸ್ ಅಂಗಡಿಯಲ್ಲಿ ಸೇರುತ್ತಿದ್ದ ಪಿಯಾನೋ ವಾದಕರ ನಡುವೆ ಹೋಗಿ ನಿಂತರು. ಡಾಕ್ ಪೆರಿ ಎಂಬ ಹಿರಿಯರ ಕೈಕೆಳಗೆ ಕೂತು ತಿದ್ದಿಸಿಕೊಂಡರು. 1921ರಲ್ಲಿ ಸ್ವತಃ ಜಾನ್ಸನ್ ಆ ಊರಿಗೆ ಬಂದಾಗ, ಗೆಳೆಯರು ನೂಕಿದರೆಂದು, ಆ ಕೃತಿಯನ್ನು ಮಾಡಿದವನ ಎದುರಿಗೇ ಅದನ್ನು ನುಡಿಸಿದರು. ಸುರುಳಿ ಕಲಿಸಿದ್ದು ಬೆರಳಿನ ಹಾದಿಯನ್ನು. ಆತನನ್ನು ವಾದಕನನ್ನಾಗಿ ಮಾಡಿದ್ದು ಎದುರಿಗಿದ್ದವರ ಕಿವಿ.

ಈ ಕಿವಿಯ ವಿಷಯವನ್ನು ಸ್ವಲ್ಪ ವಿಸ್ತರಿಸಬೇಕು. ಪರದೆಯ ಮೇಷ್ಟ್ರು ಎಷ್ಟೇ ನಿಪುಣರಿರಲಿ, ನಿಮ್ಮ ಮಣಿಕಟ್ಟು ಬಿಗಿದಿದೆಯೇ, ಭುಜ ಕಿವಿಯ ಹತ್ತಿರ ಏರಿದೆಯೇ, ಕಷ್ಟದ ಜಾಗ ಬಂದಾಗ ಲಯ ಓಡುತ್ತಿದೆಯೇ ಎಂದು ಅವರಿಗೆ ತಿಳಿಯದು. ಒಂದು ಪಾಠ ಮುಗಿದೊಡನೆ ಮುಂದಿನದು ತಾನಾಗಿ ಬಂದು ನಿಲ್ಲುತ್ತದೆ. ಹಿಂದಿನದು ಕೈಗೆ ಹತ್ತಿತೇ ಎಂದು ಕೇಳುವವರಿಲ್ಲ. ಕುಂದಗೋಳದಲ್ಲಿ ಒಂದು ಪಲಟಾ ಕೈವಶವಾಗುವ ತನಕ ಮುಂದಿನದರ ಸೊಲ್ಲೇ ಇರುತ್ತಿರಲಿಲ್ಲ. ಇಲ್ಲಿ ಇಪ್ಪತ್ತು ಪಾಠ ನೋಡಿದವರುಂಟು, ಒಂದು ರಾಗವನ್ನು, ಕ್ಷಮಿಸಿ, ಒಂದು ಟ್ಯೂನನ್ನು ತುದಿ ಮುಟ್ಟಿಸಿದವರು ವಿರಳ.

ಈಗ ಮೈಕಿನಿಂದ ಕೇಳಿಸಿಕೊಂಡು ತಪ್ಪಿದ ಮನೆಯನ್ನು ಕೆಂಪಾಗಿ ತೋರಿಸುವ ಆ್ಯಪುಗಳು ಬಂದಿವೆಯಲ್ಲ ಎಂದು ಕೇಳಬಹುದು. ಬಂದಿವೆ, ಬರೆದಿಟ್ಟ ಪಾಠವನ್ನು ಒಪ್ಪಿಸುವ ಮಟ್ಟಿಗೆ ಅವು ಉಪಯೋಗವೇ. ಆದರೆ ಜಾಝ್ ಬರೆದಿಟ್ಟದ್ದನ್ನು ಒಪ್ಪಿಸುವ ವಿದ್ಯೆಯಲ್ಲ. ಅಲ್ಲಿ ತಪ್ಪಿದ ಸ್ವರವನ್ನು ಮುಂದಿನ ಸ್ವರದಿಂದ ದಡ ಸೇರಿಸಬಹುದು. ಸರಿಯಾದ ಸ್ವರವನ್ನು ಸತ್ತ ಲಯದಲ್ಲಿ ನುಡಿಸಿ ಕೆಡಿಸಲೂಬಹುದು. ಒಂದು ಎಣಿಕೆಯನ್ನು ಎರಡಾಗಿ ಒಡೆದಾಗ ಮೊದಲ ಪಾಲು ಉದ್ದ, ಎರಡನೆಯದು ಗಿಡ್ಡ. ಎಷ್ಟು ಉದ್ದ, ಎಷ್ಟು ಗಿಡ್ಡ ಎಂಬುದು ವೇಗದೊಡನೆ ಬದಲಾಗುತ್ತದೆ, ವಾದಕನಿಂದ ವಾದಕನಿಗೂ ಬದಲಾಗುತ್ತದೆ. ಸ್ವಿಂಗ್ ಎಂಬ ಈ ತೂಗಾಟವನ್ನು ಹಾಳೆಯ ಮೇಲೆ ಬರೆಯಲಾಗದು. ತೂಗುತ್ತಿರುವವರ ಪಕ್ಕದಲ್ಲಿ ಕೂತು ಹಿಡಿಯಬೇಕು.

ನೇರ ವಿಡಿಯೋ ಕರೆಯಲ್ಲಿ ಜೊತೆಗೇ ನುಡಿಸಬಹುದಲ್ಲ ಎಂಬ ಮಾತೂ ನಿಲ್ಲದು. ಹತ್ತು ಮೀಟರ್ ಸಾಗಲು ದನಿಗೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ಹಿಡಿಯುತ್ತದೆ. ವಾದ್ಯಗಾರರು ಅಷ್ಟು ದೂರ ಕೂತರೇ ಲಯ ಜಗ್ಗತೊಡಗುತ್ತದೆ. ಸಾಮಾನ್ಯ ವಿಡಿಯೋ ಕರೆಯಲ್ಲಿ ದನಿ ಅದಕ್ಕಿಂತ ಎಷ್ಟೋ ತಡವಾಗಿ ಮುಟ್ಟುತ್ತದೆ. ಹರಟೆಗೆ ಅಡ್ಡಿಯಿಲ್ಲ, ಒಬ್ಬ ನುಡಿಸಿದ ಕ್ಷಣದಲ್ಲೇ ಇನ್ನೊಬ್ಬ ಓಗೊಡಬೇಕಾದ ಸಂಗೀತಕ್ಕೆ ಅದು ಸಾಲದು.

ಇಷ್ಟಾದ ಮೇಲೆ ಹೆಡ್‌ಫೋನಿನ ಮಾತು. ನೆರೆಯವರಿಗೆ ತೊಂದರೆಯಾಗದಿರಲೆಂದು ಅದನ್ನು ಹಾಕಿಕೊಳ್ಳುತ್ತಾರೆ, ಸದುದ್ದೇಶವೇ. ಫಲ ಏನಾಗಿದೆ? ಮಗ ಒಂದು ವರ್ಷದಿಂದ ಪಿಯಾನೋ ಕಲಿಯುತ್ತಿದ್ದಾನೆ. ಅಡಿಗೆಮನೆಯಲ್ಲಿರುವ ತಾಯಿಗೆ ಕೇಳಿಸುವುದು ಪ್ಲಾಸ್ಟಿಕ್ಕಿನ ಟಕಟಕ ಸದ್ದು ಮಾತ್ರ. ಹಿಂದೆ ಧಾರವಾಡದ ಓಣಿಯಲ್ಲಿ ಹುಡುಗಿಯೊಬ್ಬಳು ಸಾಧನೆಗೆ ಕೂತರೆ ಓಣಿಗೆ ಓಣಿಯೇ ಕೇಳುತ್ತಿತ್ತು. ಸಂಗೀತದ ಗಂಧವಿಲ್ಲದ ಅಜ್ಜಿ ಕೂಡ ಕಟ್ಟೆಯ ಮೇಲಿಂದ, "ನಿನ್ನೆಯಷ್ಟು ಛಲೋ ಆಗಲಿಲ್ಲಬೇ ಇವತ್ತ" ಎನ್ನುತ್ತಿದ್ದಳು. ಆ ಒಂದು ಮಾತು ಹತ್ತು ಪಾಠಕ್ಕೆ ಸಮ. ಯಾರಿಗೂ ಕೇಳಿಸದಂತೆ ಕಲಿತ ಸಂಗೀತ ಯಾರಿಗೂ ತಿಳಿಯದಂತೆ ನಿಂತುಹೋಗುತ್ತದೆ. ಕೆಲವು ತಿಂಗಳಲ್ಲಿ ಆ ಕಪ್ಪು ಹಲಗೆಯ ಮೇಲೆ ಇಸ್ತ್ರಿ ಬಟ್ಟೆ ಬಂದು ಕೂರುತ್ತದೆ, ತನಗೆ ಸಂಗೀತ ಒಲಿಯದೆಂದು ಮಗು ತಿಳಿದುಕೊಂಡು ಬಿಡುತ್ತದೆ. ಒಲಿಯಲಿಲ್ಲವೆಂದು ತೀರ್ಮಾನಿಸಿದವರು ಯಾರು? ಕೇಳಿದವರೇ ಇರಲಿಲ್ಲವಲ್ಲ!

ಜಾಝ್ ನಮಗೆ ತಿಳಿಯದು, ಕೇಳಿ ಏನು ಹೇಳೋಣ ಎಂದು ತಾಯಿ ತಂದೆ ಸಂಕೋಚಪಡಬೇಕಾಗಿಲ್ಲ. ಆರಂಭಿಕರೆಲ್ಲ ಮೊದಲು ಕಲಿಯುವುದು ಬ್ಲೂಸ್ ಎಂಬ ಚೌಕಟ್ಟನ್ನು. ಅದರಲ್ಲಿ ನಾಲ್ಕು ಎಣಿಕೆಯ ಹನ್ನೆರಡು ಅಂಕಣಗಳು. ಒಟ್ಟು 48 ಎಣಿಕೆಗೆ ಒಂದು ಆವರ್ತನ, ಮತ್ತೆ ಮೊದಲಿನಿಂದ. ಹೊಸಬರು ದಾರಿ ತಪ್ಪುವುದು ಇದರೊಳಗೇ. ಎಂಟನೆಯ ಅಂಕಣವೋ ಒಂಬತ್ತನೆಯದೋ ತಿಳಿಯದೆ ತಬ್ಬಿಬ್ಬಾಗುತ್ತಾರೆ. ನಮ್ಮ ಭಜನಾ ಮಂಡಳಿಗಳಲ್ಲಿ ದಾಸರ ಪದಗಳಿಗೆ ತಾಳ ಹಾಕುತ್ತ ಬಂದ ತಾಯಂದಿರನ್ನು ಪಕ್ಕದಲ್ಲಿ ಕೂರಿಸಿ ನೋಡಿ. ಜಾಝಿನ ಹೆಸರು ಕೇಳದಿದ್ದರೂ, ಎಣಿಕೆ ತಪ್ಪಿದ ಜಾಗವನ್ನು ಅವರು ಕೈಯಿಂದಲೇ ತೋರಿಸಿಯಾರು. ಚಪ್ಪಾಳೆ ಮಾತ್ರ ಒಂದು ಮೂರಕ್ಕೆ ಬದಲಾಗಿ ಎರಡು ನಾಲ್ಕಕ್ಕೆ ಬೀಳಬೇಕು. ಅಷ್ಟನ್ನು ಮೊಮ್ಮಗನೇ ಹೇಳಿಕೊಡಲಿ. ಕಲಿತ ಕಿವಿಗಳು ನಮ್ಮ ಮನೆಗಳಲ್ಲೇ ಇರುವಾಗ ಅವನ್ನು ಕೋಣೆಯಿಂದ ಹೊರಗಿಟ್ಟು ಬಾಗಿಲು ಹಾಕಿಕೊಳ್ಳುವುದು ಯಾವ ಜಾಣತನ?

ಹಿಂಜವಡಿಯ ವಾಹನಗಳ ಸಾಲಿನಲ್ಲಿ ದಿನದ ಮೂರು ತಾಸು ಕಳೆಯುವವರು ಗುರುವಿನ ಮನೆಗೆ ಹೋಗುವುದು ಯಾವಾಗ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ವಾರವಿಡೀ ಪರದೆಯೇ ಕಲಿಸಲಿ, ಯಾರು ಬೇಡವೆಂದರು? ತಿಂಗಳಿಗೊಂದು ಸಂಜೆ ಮಾತ್ರ ನಾಲ್ಕು ಜನರ ಎದುರಿಗೆ ನುಡಿಸಿ ಎಂಬುದು ನಮ್ಮ ಆಗ್ರಹ. ಪೂರ್ತಿ ಕಲಿತ ಮೇಲೆ ನುಡಿಸುತ್ತೇನೆ ಎನ್ನುವ ನಡುವಯಸ್ಸಿನವರಿಗೆ ಒಂದು ಮಾತು: ಪೂರ್ತಿ ಕಲಿತ ದಿನ ಎಂಬುದು ಭೀಮಸೇನರಿಗೂ ಬಂದಿರಲಾರದು. ಕಚೇರಿಯಲ್ಲಿ ಇಪ್ಪತ್ತು ಜನರ ಮೇಲಧಿಕಾರಿಯಾದವರಿಗೆ ಹತ್ತು ವರ್ಷದ ಹುಡುಗಿಯ ಮುಂದೆ ತಡವರಿಸಲು ನಾಚಿಕೆಯಾಗುವುದು ಸಹಜ. ಆ ನಾಚಿಕೆಯನ್ನು ತಮ್ಮ ಭಾಷೆಯವರ ನಡುವೆ ಕಳೆದುಕೊಳ್ಳಲಾಗದಿದ್ದರೆ ಇನ್ನೆಲ್ಲಿ ಕಳೆದುಕೊಂಡಾರು?

ಆದುದರಿಂದ ನಮ್ಮಂಥ ಸಂಘಗಳಿಗೆ ನಾವು ಹೇಳುವುದಿಷ್ಟೆ. ರಾಜ್ಯೋತ್ಸವಕ್ಕೆ, ದಸರೆಗೆ, ಹಳದಿ ಕುಂಕುಮಕ್ಕೆ ತೆರೆಯುವ ಸಭಾಂಗಣದ ಬಾಗಿಲನ್ನು ತಿಂಗಳಿಗೊಮ್ಮೆ ಕಲಿಯುವವರಿಗಾಗಿ ತೆರೆಯಿರಿ. 61 ಮನೆಗಳ ಆಟಿಕೆ ಬೇಡ. ಬೆರಳಿನ ಒತ್ತಡಕ್ಕೆ ತಕ್ಕಂತೆ ಮೆಲ್ಲಗೂ ಜೋರಾಗಿಯೂ ನುಡಿಯುವ, 88 ಮನೆಗಳ ಒಂದು ವಾದ್ಯವನ್ನು ಅಲ್ಲಿಡಿ. ಒತ್ತಡ ಅರಿಯದ ವಾದ್ಯದಲ್ಲಿ ಜಾಝಿನ ಒತ್ತು ಕಲಿಯುವಂತಿಲ್ಲ. ಊರಿನಲ್ಲಿರುವ ಅನುಭವಿ ವಾದಕರೊಬ್ಬರನ್ನು, ಅವರು ಮರಾಠಿಯವರಿರಲಿ, ಗೋವೆಯವರಿರಲಿ, ಕರೆದು ಗೌರವಧನ ಕೊಟ್ಟು ಕೂರಿಸಿ. ಅವರು ಪಾಠ ಹೇಳುವುದು ಬೇಡ. ಕೇಳಿ ತಿದ್ದಲಿ, ಜೊತೆಗೆ ನುಡಿಸಲಿ. ತಬಲಾ ಬಲ್ಲವರು ತಬಲಾ ತರಲಿ. ಕನ್ನಡ ಸಂಘದ ಕೆಲಸ ಇದಲ್ಲವೆಂದು ಯಾರಾದರೂ ಎದ್ದು ನಿಂತರೆ, ಕನ್ನಡದವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವಂತೆ ಮಾಡುವುದಕ್ಕಿಂತ ಬೇರೆ ಯಾವ ಕೆಲಸಕ್ಕಾಗಿ ಸಂಘ ಕಟ್ಟಿದ್ದೆಂದು ಅವರೇ ವಿವರಿಸಲಿ.

ಸಂಘ ಏಳುವ ತನಕ ಕಾಯಬೇಕಾದ್ದೂ ಇಲ್ಲ. ವಾಚಕರು ಇಂದಿನಿಂದಲೇ ಸಂಜೆ ಏಳರಿಂದ ಏಳೂ ಕಾಲರವರೆಗೆ ಹೆಡ್‌ಫೋನ್ ಕಿತ್ತಿಡಲಿ. ನೆರೆಯವರು ಅಷ್ಟನ್ನು ಸಹಿಸಿಯಾರು; ಗಣೇಶೋತ್ಸವದ ಹತ್ತು ದಿನ ಸಹಿಸಿದವರು ಈ ಕಾಲು ಗಂಟೆಗೆ ತಕರಾರು ತೆಗೆಯಲಾರರು. ತಿಂಗಳ ಸಂಜೆಗೆ ಒಪ್ಪುವವರು ಸಂಪಾದಕರಿಗೆ ಎರಡು ಸಾಲು ಬರೆದು ತಿಳಿಸಲಿ. ನುಡಿಸಲು ಬರುವವರ ಹೆಸರುಗಳು ನಿಧಾನವಾಗಿ ಬಂದರೂ ಚಿಂತೆಯಿಲ್ಲ, ಕೇಳಲು ಬರುವವರ ಹೆಸರುಗಳು ಮೊದಲು ಬರಲಿ.